ಮೊದಲು ಮನೆಗಳು, ಆಮೇಲೆ ಜಾಗಗಳು: ಗಾಡಿಯಲ್ಲೇ ಮಲಗಿ ಬೀದರ್, ಕಲಬುರಗಿ, ಯಾದಗಿರಿ ಸುತ್ತುವುದು ಹೇಗೆ

ಅವ್ವನಿಗೆ 76 ವರ್ಷ. ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಾಲ್ಕು ವರ್ಷ ತವರಿಗೇ ಹೋಗಿರಲಿಲ್ಲ. ಒಂದು ದಿನ ರೊಟ್ಟಿ ಮುರಿಯುತ್ತಾ ಕೂತವಳು, "ಈ ಸಲ ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಬೇಕಪ್ಪ" ಎಂದಳು. ಅಷ್ಟೇ ಹೇಳಿದ್ದು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಎಡೆ ಚೆಲ್ಲುವುದೇ ಚರಗ. ಆ ರಾತ್ರಿಯೇ ಕೂತು ಲೆಕ್ಕ ಹಾಕಿದೆವು. ನಾವು ಆರು ಮಂದಿ. ಕಾರು ಸಾಲದು. ಲಾಡ್ಜಿನಿಂದ ಲಾಡ್ಜಿಗೆ ಅವ್ವನನ್ನು ಹತ್ತಿಸಿ ಇಳಿಸುವುದು ಆಗದ ಮಾತು. ಕೊನೆಗೆ ಒಂದು ಟೆಂಪೊ ಟ್ರಾವೆಲರ್ ಗೊತ್ತು ಮಾಡಿ, ಅದರಲ್ಲೇ ಮಲಗಲು, ಚಹಾ ಕಾಸಲು ಅನುಕೂಲ ಮಾಡಿಕೊಂಡು ಏಳು ದಿನ ಮೂರು ಜಿಲ್ಲೆ ಸುತ್ತಿದೆವು. ಮುಂದಿನ ವರ್ಷ ಮತ್ತೆ ಹೋದೆವು. ಮನೆಯಲ್ಲಿ ವಯಸ್ಸಾದವರಿದ್ದು, ಸಂಬಂಧಿಕರು ಊರೂರಿಗೆ ಹರಡಿಕೊಂಡಿರುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಕ್ಷೆ ತೆಗೆಯುವ ಮೊದಲು ಮನೆಗಳ ಪಟ್ಟಿ ಮಾಡಿ

ಎಲ್ಲರೂ ಮೊದಲು ನೋಡುವ ಜಾಗ ಬರೆದುಕೊಳ್ಳುತ್ತಾರೆ, ದಾರಿಯಲ್ಲಿ ಸಿಗುವ ನೆಂಟರನ್ನು ಆಮೇಲೆ ಸೇರಿಸುತ್ತಾರೆ. ಇದನ್ನು ತಿರುಗಿಸಿ. ಜಲಪಾತ, ಗುಡ್ಡ, ನದಿ ಎಲ್ಲಿಗೂ ಹೋಗುವುದಿಲ್ಲ. ಚಿಗವ್ವನಿಗೆ ವಯಸ್ಸಾಯಿತು.

ನಮ್ಮ ಪಟ್ಟಿಯಲ್ಲಿ ನಾಲ್ಕು ಮನೆ ಇದ್ದವು. ಚಿಂಚೋಳಿಯ ಚಿಗವ್ವ, ಬೀದರಿನ ಅಕ್ಕ, ಸೇಡಂ ಕಡೆಯ ಹಳ್ಳಿಯಲ್ಲಿ ಅವ್ವನ ತವರು, ಸುರಪುರದಲ್ಲಿ ನನ್ನ ಹೆಂಡತಿಯ ತವರು. ದಿನಕ್ಕೆ ಒಂದೇ ಮನೆ, ಒಂದೆರಡು ಜಾಗ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಎರಡೂ ಕೆಡುತ್ತವೆ. ನಮ್ಮ ಕಡೆ ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ, ಅಲ್ವಾ? "ಸುಮ್ನೆ ಚಹಾ ಕುಡಿದು ಹೋಗ್ತೀವಿ" ಅನ್ನುವಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿರುತ್ತದೆ. ಒಂದು ಮನೆಗೆ ಮೂರು ತಾಸು ಹಿಡಿಯಿರಿ.

ಫೋನ್ ಮಾಡಿದಾಗ ಮೂರು ವಿಷಯ ಬಿಡಿಸಿ ಹೇಳಿ. ಊಟಕ್ಕೆ ಬರುತ್ತೇವೋ ರಾತ್ರಿಗೋ, ಎಷ್ಟು ಮಂದಿ, ಹಾಸಿಗೆ ನಮ್ಮ ಹತ್ತಿರವೇ ಇದೆ. ಈ ಮೂರನೇ ಮಾತು ಬಹಳ ಮುಖ್ಯ. ಎರಡು ಕೋಣೆಯ ಮನೆಯಲ್ಲಿ ಆರು ಮಂದಿಯನ್ನು ಎಲ್ಲಿ ಮಲಗಿಸುವುದು ಎಂಬ ಚಿಂತೆ ತಪ್ಪಿದರೆ ಅವರೂ ಆರಾಮಾಗಿ ಮಾತಿಗೆ ಕೂರುತ್ತಾರೆ.

ಇನ್ನೊಂದು ಮಾತು. ವರ್ಷದೊಳಗೆ ಯಾರಾದರೂ ತೀರಿಕೊಂಡ ಮನೆ ಇದ್ದರೆ ಅಲ್ಲಿಗೆ ಹೋಗಿ ಮಾತಾಡಿಸಿ ಬರಲೇಬೇಕು. ಆದರೆ ಆ ದಿನ ಬೇರೆ ಜಾಗ ನೋಡುವುದು ಇಟ್ಟುಕೊಳ್ಳಬೇಡಿ. ಮಕ್ಕಳು ಒದ್ದೆ ಬಟ್ಟೆಯಲ್ಲಿ, ನಗುತ್ತಾ ಆ ಅಂಗಳಕ್ಕೆ ಇಳಿಯುವುದು ಸರಿಯಲ್ಲ.

ಯಾವ ತಿಂಗಳು

ಮಾರ್ಚ್‌ನಿಂದ ಮೊದಲ ಮಳೆವರೆಗೆ ಬೇಡವೇ ಬೇಡ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಂತ ಗಾಡಿಯೊಳಗೆ ಇನ್ನೂ ಜಾಸ್ತಿ. ಜಲಪಾತ ತುಂಬಿ ಬೀಳುವುದನ್ನು ನೋಡಬೇಕಾದರೆ ಆಗಸ್ಟ್‌ನಿಂದ ಅಕ್ಟೋಬರ್. ನನ್ನ ಆಯ್ಕೆ ಮಾತ್ರ ಎಳ್ಳಮಾವಾಸ್ಯೆಯ ಸುತ್ತಿನ ವಾರ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ನೀರು ಕಡಿಮೆ ಇರುತ್ತದೆ, ನಿಜ. ಆದರೆ ಹೊರಗೆ ಹೋದವರೆಲ್ಲ ಆಗ ಊರಿಗೆ ಬಂದಿರುತ್ತಾರೆ, ಜೋಳ ಎದೆಮಟ್ಟ ಬೆಳೆದಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಬೀದರಿನ ಬೆಳಗಿನ ಚಳಿಗೆ ಸ್ವೆಟರ್, ಮಫ್ಲರ್ ಬೇಕು.

ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಮಲ್ಲಯ್ಯನ ಜಾತ್ರೆ ಇರುತ್ತದೆ. ಭಕ್ತಿಯಿಂದ ಹೋಗುವವರು ಹೋಗಲಿ. ದೊಡ್ಡ ಗಾಡಿ ಇದ್ದು, ವಯಸ್ಸಾದವರೂ ಜೊತೆಗಿದ್ದರೆ ಆ ದಿನ ಆ ದಾರಿ ಬಿಡುವುದೇ ಒಳ್ಳೆಯದು.

ಗಾಡಿ ಗೊತ್ತು ಮಾಡುವುದು

ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಕ್ಯಾರವಾನ್ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಕಲಬುರಗಿಗೆ ಸುಮಾರು 600 ಕಿ.ಮೀ. ಬರುವ, ಹೋಗುವ ಖರ್ಚೇ ಬಾಡಿಗೆಯಷ್ಟಾಗುತ್ತದೆ. ಕಲಬುರಗಿಯಲ್ಲೇ ಸಿಗುವ 12 ಸೀಟಿನ ಟೆಂಪೊ ಟ್ರಾವೆಲರ್ ಆರೇಳು ಮಂದಿಗೆ ಬೇಕಾದಷ್ಟಾಯಿತು.

ಹಳದಿ ಬೋರ್ಡಿನ ಗಾಡಿಯನ್ನೇ ತೆಗೆದುಕೊಳ್ಳಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ವಿಮೆಯಲ್ಲಿ ತೊಡಕಾಗುತ್ತದೆ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ), ವಿಮೆ, ಪರ್ಮಿಟ್ ಮೂರರ ಫೋಟೋ ಫೋನಿನಲ್ಲಿ ಇರಲಿ. ಬೀದರಿಗೆ ಜಹೀರಾಬಾದ್ ಮೇಲಿಂದ ಹೋದರೆ ತೆಲಂಗಾಣ ದಾಟಬೇಕು, ಹೊರರಾಜ್ಯದ ಪರ್ಮಿಟ್ ಇಲ್ಲದಿದ್ದರೆ ದಂಡ. ನಾನು ಕೆಳಗೆ ಹೇಳುವ ದಾರಿ ಪೂರ್ತಿ ಕರ್ನಾಟಕದೊಳಗೇ ಇದೆ.

ಬಾಡಿಗೆ ಮಾತಾಡುವಾಗ ಒಂದು ಎಚ್ಚರ. ಟ್ರಾವೆಲ್ಸಿನವರು ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಲೆಕ್ಕ ಕಟ್ಟುತ್ತಾರೆ. ನೀವು ಓಡಿಸುವುದು ದಿನಕ್ಕೆ ನೂರರ ಆಸುಪಾಸು. ಓಡದ ದೂರಕ್ಕೂ ದುಡ್ಡು ಕೊಡುವುದು ಯಾಕೆ? "ದಿನದ ಲೆಕ್ಕ ಹೇಳ್ರಿ, ಡೀಸೆಲ್ ನಮ್ಮದು" ಎಂದು ಕೇಳಿ. ನಮಗೆ ಎರಡೂ ಸಲ ಒಪ್ಪಿದರು.

ಡ್ರೈವರ್ ಅಣ್ಣನ ಊಟ, ನಿದ್ದೆ ನಿಮ್ಮ ಜವಾಬ್ದಾರಿ. ನೀವು ಮಾತಿಗೆ ಕೂತು ರಾತ್ರಿ ಹನ್ನೆರಡಾದರೂ ಅವರಿಗೆ ಒಂಬತ್ತಕ್ಕೆ ಮಲಗಲು ಜಾಗ ಸಿಗಬೇಕು. ನಾವು ಪ್ರತಿ ಮನೆಯಲ್ಲೂ ಮೊದಲು ಅವರ ಹಾಸಿಗೆ ಕೇಳಿ ಇಡಿಸುತ್ತಿದ್ದೆವು.

ಗಾಡಿಯೊಳಗೆ

ಸೀಟು ಕಿತ್ತು, ತಗಡು ಕತ್ತರಿಸಿ ಹಾಸಿಗೆ ಕೂರಿಸುವ ಕೆಲಸಕ್ಕೆ ಹೋಗಬೇಡಿ. ನೋಂದಣಿಯಲ್ಲಿರುವುದಕ್ಕಿಂತ ಬೇರೆ ರೀತಿ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತೆಗೆದು ಹಾಕುವಂಥ ಹಲಗೆ ಸಾಕು. ಬಡಿಗೇರನ ಹತ್ತಿರ ಸೀಟಿನ ಎತ್ತರಕ್ಕೆ ಸರಿಯಾಗಿ ಎರಡು ಪ್ಲೈವುಡ್ ಹಲಗೆ ಮಾಡಿಸಿದೆವು. ನಡುವಿನ ದಾರಿಯ ಮೇಲೆ ಅಡ್ಡ ಇಟ್ಟು ಕೌದಿ ಹಾಸಿದರೆ ಇಬ್ಬರು ಮಕ್ಕಳಿಗೆ ಹಾಸಿಗೆ ಆಯಿತು. ಹಿಂದಿನ ಉದ್ದ ಸೀಟು ಅವ್ವನಿಗೆ. ಗಾಡಿ ನಿಂತಾಗ ಮಾತ್ರ ಇದು. ಓಡುವಾಗ ಹಲಗೆ ಕೆಳಗಿಳಿಯಬೇಕು, ಎಲ್ಲರೂ ಸೀಟಿನಲ್ಲಿ ಕೂರಬೇಕು.

ಇಡೀ ಪ್ರವಾಸದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಮಣೆ. ಒಂದು ಅಡಿ ಎತ್ತರ, ಅಗಲವಾದ ಕಾಲು, ಮೇಲೆ ಜಾರದಂತೆ ಹಳೆ ಟೈರಿನ ತುಂಡು ಬಡಿದದ್ದು. ಟ್ರಾವೆಲರ್‌ನ ಮೊದಲ ಮೆಟ್ಟಿಲು ಎತ್ತರ. ಮಣೆ ಇಟ್ಟರೆ ಅವ್ವ ಒಂದು ಕೈ ಬಾಗಿಲಿಗೆ, ಒಂದು ಕೈ ಮೊಮ್ಮಗನ ಹೆಗಲಿಗೆ ಕೊಟ್ಟು ತಾನೇ ಹತ್ತುತ್ತಿದ್ದಳು. ಎರಡನೇ ದಿನದಿಂದ "ಮಣಿ ತಾರೋ" ಅನ್ನುವ ದನಿಯೇ ಬೇರೆ ಆಗಿತ್ತು. ಯಾರೂ ಎತ್ತಿ ಹತ್ತಿಸಬೇಕಿಲ್ಲ ಎನ್ನುವುದೇ ಅವಳಿಗೆ ಅರ್ಧ ಖುಷಿ.

ಮಡಚುವ ಕಮೋಡ್ ಕುರ್ಚಿ ಒಂದು ಇರಲಿ. ಹಳ್ಳಿಮನೆಗಳಲ್ಲಿ ಕೆಳಗೆ ಕೂರುವ ಶೌಚಾಲಯವೇ ಹೆಚ್ಚು. ಮೊಣಕಾಲು ನೋವಿನವರು ಅದಕ್ಕೆ ಹೆದರಿಯೇ ನೀರು ಕುಡಿಯುವುದು ಬಿಡುತ್ತಾರೆ.

20 ಲೀಟರಿನ ಎರಡು ಕ್ಯಾನ್ ನೀರು, 5 ಕೆ.ಜಿ. ಸಿಲಿಂಡರ್, ಒಂದು ಒಲೆ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಕಟ್ಟಿ, ಗಾಡಿ ಹೊರಡುವ ಮೊದಲು ರೆಗ್ಯುಲೇಟರ್ ಬಿಚ್ಚಿಡಿ. ಒಲೆ ಹಚ್ಚುವುದು ಯಾವಾಗಲೂ ಗಾಡಿಯ ಹೊರಗೆ. ಅಡುಗೆ ಏನೂ ಬೇಕಾಗುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ದಾರಿ ಊಟ ಮುಗಿಯಿತು. ಒಲೆ ಇರುವುದು ಚಹಾಕ್ಕೆ ಮತ್ತು ಅವ್ವನ ಸ್ನಾನದ ಬಿಸಿನೀರಿಗೆ.

ದಾರಿ

ಮೊದಲ ದಿನ ಚಿಂಚೋಳಿ, ಕಲಬುರಗಿಯಿಂದ ಸುಮಾರು 85 ಕಿ.ಮೀ. ಬಿಸಿಲೂರಿನ ನಮಗೆ ಇಷ್ಟು ಹತ್ತಿರ ಸಾಗುವಾನಿ ಕಾಡಿದೆ ಎಂದರೆ ಬೇರೆ ಜಿಲ್ಲೆಯವರು ನಂಬುವುದಿಲ್ಲ. ಚಿಂಚೋಳಿ ವನ್ಯಜೀವಿ ಧಾಮ ಸುಮಾರು 135 ಚದರ ಕಿ.ಮೀ. ಇದೆ, ತೋಳ, ಕತ್ತೆಕಿರುಬ ಇರುವ ಒಣ ಕಾಡು. ಚಂದ್ರಂಪಳ್ಳಿ ಅಣೆಕಟ್ಟಿನ ದಂಡೆಗೆ ಸಂಜೆ ನಾಲ್ಕರ ಸುಮಾರಿಗೆ ಹೋಗಿ. ಗುಡ್ಡದ ನೆರಳು ನೀರಿನ ಮೇಲೆ ಉದ್ದಕ್ಕೆ ಚಾಚುವ ಹೊತ್ತು ಅದು. ಕಾಡಿನೊಳಗೆ ಗಾಡಿ ನಿಲ್ಲಿಸಿ ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಇಲ್ಲದಿದ್ದರೆ ಕತ್ತಲಾಗುವ ಮೊದಲೇ ಊರಿಗೆ ಬನ್ನಿ. ಒಲೆ ಅಲ್ಲಿ ಹಚ್ಚಲೇಬೇಡಿ. ಒಣಗಿದ ಸಾಗುವಾನಿ ಎಲೆಗೆ ಒಂದು ಕಿಡಿ ಸಾಕು.

ಎತ್ತಿಪೋತ ಜಲಪಾತವೂ ಇದೇ ತಾಲ್ಲೂಕಿನಲ್ಲಿದೆ. ಫೋನಿನ ನಕ್ಷೆಯಲ್ಲಿ ಬರೀ "ಎತ್ತಿಪೋತ" ಎಂದು ಹುಡುಕಿದರೆ ನಾಗಾರ್ಜುನಸಾಗರದ ಹತ್ತಿರದ ಅದೇ ಹೆಸರಿನ ಜಲಪಾತ ತೋರಿಸಬಹುದು. ಚಿಂಚೋಳಿ ಎಂದು ಸೇರಿಸಿ ಹುಡುಕಿ. ದಾರಿಯ ತಾಂಡಾಗಳಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಹಾಸುಗಲ್ಲು ಜಾರುತ್ತದೆ. ಅವ್ವನಂಥವರು ಗಾಡಿಯ ನೆರಳಲ್ಲಿ ಕೂತು ಚಹಾ ಕುಡಿಯಲಿ, ಜೊತೆಗೆ ಒಬ್ಬರು ಇರಲಿ.

ಚಿಂಚೋಳಿಯಿಂದ ಮನ್ನಾಎಖೇಳಿ ಮೇಲೆ ಬೀದರ್. ಇಲ್ಲಿ ಮಣ್ಣಿನ ಬಣ್ಣ ನೋಡುತ್ತಾ ಹೋಗಿ, ಮಕ್ಕಳಿಗೂ ತೋರಿಸಿ. ಕಪ್ಪು ಎರೆ ಇದ್ದದ್ದು ಬೀದರ್ ಹತ್ತಿರವಾದಂತೆ ಕೆಂಪಾಗುತ್ತದೆ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಜಂಬಿಟ್ಟಿಗೆ ತೂತುತೂತಿನ ಕಲ್ಲು, ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ಇಳಿದ ನೀರು ಆ ಕಲ್ಲಿಗೆ ತಾಗಿ, ಮುಂದೆ ಹೋಗಲಾಗದೆ, ದಿಣ್ಣೆಯ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ನಾನಕ್ ಝೀರಾದ ಸಿಹಿನೀರು, ಪಾಪನಾಶದ ಕೊಳ, ನರಸಿಂಹ ಝರಣಿಯ ಗುಹೆಯ ನೀರು ಮೂರನ್ನೂ ಈ ಕಣ್ಣಿನಿಂದ ನೋಡಿದರೆ ಬೀದರ್ ಬೇರೆಯೇ ಕಾಣುತ್ತದೆ. ಇದನ್ನು ತಿಳಿದೇ ಹಿಂದಿನವರು ನೆಲದೊಳಗೆ ಕಾಲುವೆ ಕೊರೆದು ಊರಿಗೆ ನೀರು ತಂದರು. ಆ ಕರೇಜ್‌ನ ಬಾವಿಗಳು ನೌಬಾದ್ ಕಡೆ ಇನ್ನೂ ಇವೆ.

ನರಸಿಂಹ ಝರಣಿಯಲ್ಲಿ ಸುಮಾರು 300 ಮೀಟರ್ ಗುಹೆಯಲ್ಲಿ, ಸೊಂಟದಿಂದ ಎದೆಮಟ್ಟದ ನೀರಲ್ಲಿ ನಡೆದು ದೇವರ ಹತ್ತಿರ ಹೋಗಬೇಕು. ತಲೆ ಮೇಲೆ ಬಾವಲಿಗಳು. ಉಬ್ಬಸ, ಬಿ.ಪಿ., ಹೃದಯದ ತೊಂದರೆ ಇರುವವರು ಒಳಗೆ ಹೋಗಬಾರದು, ಎಷ್ಟೇ ಆಸೆ ಇದ್ದರೂ. ಅಕ್ಕನ ಹತ್ತಿರ ಫೋನ್ ಮಾಡಿಸಿ, ಒಳಗೆ ಬಿಡುತ್ತಿದ್ದಾರೋ ಇಲ್ಲವೋ ಕೇಳಿಕೊಂಡೇ ನಾವು ಹೊರಟದ್ದು. ಕೆಲವೊಮ್ಮೆ ಮುಚ್ಚಿರುತ್ತದೆ. ಒದ್ದೆ ಬಟ್ಟೆ ಬದಲಿಸಲು ಗಾಡಿ, ಪರದೆ ಇದ್ದದ್ದು ಹೆಣ್ಣುಮಕ್ಕಳಿಗೆ ಎಷ್ಟು ಅನುಕೂಲವಾಯಿತು ಅಂದರೆ, ಅದೊಂದಕ್ಕೇ ಗಾಡಿ ತಂದದ್ದು ಸಾರ್ಥಕ ಅನಿಸಿತು.

ನಾನಕ್ ಝೀರಾ ಗುರುದ್ವಾರದಲ್ಲಿ ತಲೆ ಮುಚ್ಚಿಕೊಂಡು ಒಳಗೆ ಹೋಗಬೇಕು, ಒಂದು ಕರ್ಚೀಫ್ ಇಟ್ಟುಕೊಳ್ಳಿ. ಲಂಗರಿನಲ್ಲಿ ಯಾರು ಬಂದರೂ ಊಟ. ಕೆಳಗೆ ಕೂರಲಾಗದೆ ಅವ್ವ ಗೋಡೆ ಹಿಡಿದು ನಿಂತದ್ದನ್ನು ನೋಡಿ ಸೇವೆಯಲ್ಲಿದ್ದ ಒಬ್ಬ ಹಿರಿಯರು ತಾವೇ ಕುರ್ಚಿ ತಂದು ಹಾಕಿದರು. ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳಿಗೆ ಇನ್ನೊಂದು ದಿನವೇ ಬೇಕು. ಇದ್ದರೆ ಇಟ್ಟುಕೊಳ್ಳಿ.

ನಾಲ್ಕನೇ ದಿನ ಹುಮನಾಬಾದ್ ಮೇಲೆ ಕಲಬುರಗಿಗೆ ವಾಪಸ್, ಸುಮಾರು 115 ಕಿ.ಮೀ. ಕಮಲಾಪುರದ ಹತ್ತಿರ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ. ಭೌಗೋಳಿಕ ಗುರುತು ಪಡೆದ ತಳಿ. ಮುಂದಿನ ಮನೆಗಳಿಗೆ ಕೊಡಲು ಸ್ವೀಟ್ ಬಾಕ್ಸಿಗಿಂತ ಇದು ಎಷ್ಟೋ ಮೇಲು. ರಾತ್ರಿ ಸ್ವಂತ ಮನೆಯಲ್ಲಿ ಮಲಗಿ, ಬಟ್ಟೆ ಒಗೆದು, ನೀರು ತುಂಬಿಸಿ. ನಡುವೆ ಈ ಒಂದು ರಾತ್ರಿ ಇಟ್ಟುಕೊಂಡರೆ ಮುದುಕರೂ ಮಕ್ಕಳೂ ಸೊರಗುವುದಿಲ್ಲ.

ಐದನೇ ದಿನ ಎಳ್ಳಮಾವಾಸ್ಯೆ ಬರುವಂತೆ ಮೊದಲೇ ಲೆಕ್ಕ ಹಾಕಿ ಹೊರಟಿದ್ದೆವು. ಸೇಡಂ ದಾರಿಯಲ್ಲಿ ಮಳಖೇಡ ಬರುತ್ತದೆ, ರಾಷ್ಟ್ರಕೂಟರ ರಾಜಧಾನಿ ಇದ್ದ ಊರು. ಕಾಗಿಣಾ ನದಿ ಇಲ್ಲಿ ಹಾಸುಗಲ್ಲಿನ ಮೇಲೆ ಹರಿಯುತ್ತದೆ. ನಮ್ಮ ಮನೆಗಳ ನೆಲಕ್ಕೆ, ಮಾಳಿಗೆಗೆ ಹಾಕುವ ಶಹಾಬಾದ್ ಪರಸಿಯೂ ಇದೇ ಸುಣ್ಣದ ಕಲ್ಲು.

ಮಾಮಾನ ಹೊಲದಲ್ಲಿ ಬಂಧುಗಳೆಲ್ಲ ಸೇರಿದ್ದರು. ಜೋಳದ ದಂಟಿನ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಅವ್ವ ಮಣೆಯಿಂದ ಇಳಿದು ಚಪ್ಪಲಿ ಬಿಟ್ಟಳು. ಬಗ್ಗಲಾಗದು ಅಂತ ಒಂದು ಜೋಳದ ದಂಟನ್ನೇ ತನ್ನ ಕಡೆ ಬಾಗಿಸಿ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ತಮ್ಮನ ಕೈ ಹಿಡಿದು ಬದುವಿನ ಉದ್ದಕ್ಕೂ ಚರಗ ಚೆಲ್ಲುತ್ತಾ ನಡೆದಳು. ಅರ್ಧ ತಾಸು ನಡೆದಿರಬೇಕು. ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರಲು ಕಷ್ಟಪಡುವವಳು.

ಆ ರಾತ್ರಿ ಗಾಡಿ ಮಾಮಾನ ಅಂಗಳದಲ್ಲೇ. ಮರುದಿನ ಯಾದಗಿರಿ ಮೇಲೆ ಶಹಾಪುರ. ಇಲ್ಲಿಂದ ಕಲ್ಲು ಮತ್ತೆ ಬದಲು: ದೊಡ್ಡ ದೊಡ್ಡ ಗುಂಡುಗಳ ಗ್ರಾನೈಟ್ ಗುಡ್ಡ. ಶಹಾಪುರದ ಹೊರಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲಿದೆ. ಹಣೆ, ಮೂಗು, ತುಟಿ, ಎದೆ. ಯಾರೂ ಕೆತ್ತಿದ್ದಲ್ಲ. ಹತ್ತುವುದು ಬೇಡ, ಗಾಡಿಯ ಕಿಟಕಿಯಿಂದಲೇ ಕಾಣುತ್ತದೆ. ಅಲ್ಲಿಂದ ಸುರಪುರ, ಬೀಗರ ಮನೆ. ಬೆಳಿಗ್ಗೆ ಆರಕ್ಕೆ ಎದ್ದು ಹತ್ತಿರದ ಬೋನಾಳ ಕೆರೆಗೆ ಹೋಗಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಇಂಜಿನ್ ದೂರದಲ್ಲೇ ನಿಲ್ಲಿಸಿ, ನಡೆದು ಹೋಗಿ.

ಕೊನೆಯ ದಿನ ನಾರಾಯಣಪುರದ ಬಸವಸಾಗರ ಅಣೆಕಟ್ಟು, ಕೃಷ್ಣೆಯ ದಂಡೆಯ ಛಾಯಾ ಭಗವತಿ. ಅಣೆಕಟ್ಟಿನ ಕೆಳಗೆ ನದಿಯ ಬಂಡೆಗಳ ಮೇಲೆ ಇಳಿಯುವ ಮೊದಲು ಊರಿನವರನ್ನು ಕೇಳಿ. ಮೇಲಿನಿಂದ ನೀರು ಬಿಟ್ಟರೆ ಹರಿವು ಬೇಗ ಏರುತ್ತದೆ. ವಾಪಸ್ ದಾರಿ ಸುರಪುರ, ಶಹಾಪುರ, ಜೇವರ್ಗಿ, ಕಲಬುರಗಿ.

ಸಂಜೆ ಆರರ ನಂತರ ಗಾಡಿ ಓಡಿಸಬೇಡಿ

ಇದೊಂದು ಕಟ್ಟುನಿಟ್ಟಾಗಿ ಇರಲಿ. ಡಿಸೆಂಬರ್, ಜನವರಿ ಕಬ್ಬು ಸಾಗಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದಿನ ದೀಪ ಇಲ್ಲದೆ ಹೋಗುತ್ತವೆ. ಹಳ್ಳಿ ರಸ್ತೆಗಳಲ್ಲಿ ತೊಗರಿ ಹರವಿರುತ್ತಾರೆ. ಅದರ ಮೇಲೆ ಗಾಡಿ ಓಡಿದರೆ ಹೊಟ್ಟು, ಕಡ್ಡಿ ಕೆಳಗೆ ಸುತ್ತಿಕೊಂಡು, ಬಿಸಿಗೆ ಬೆಂಕಿ ಹತ್ತುವ ಅಪಾಯವಿದೆ. ಬದಿಗೆ ಸರಿದು ಹೋಗಿ. ಆಗದಿದ್ದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಎಳೆದು ತೆಗೆಯಿರಿ.

ಎರೆ ಮಣ್ಣು

ಎರಡನೇ ವರ್ಷ ಹಬ್ಬದ ಹಿಂದಿನ ಸಂಜೆ ಅಕಾಲಿಕ ಮಳೆ ಬಂತು. ಬೆಳಿಗ್ಗೆ ನೆಲದ ಮೇಲ್ಭಾಗ ಒಣಗಿದಂತಿತ್ತು. ಅವ್ವ ನಡೆಯುವುದು ಬೇಡ ಅಂತ ನಾನೇ, "ಹೊಲದ ತನಕ ಬಿಡ್ರಿ" ಎಂದೆ. ಐವತ್ತು ಹೆಜ್ಜೆ ಹೋಗಲಿಲ್ಲ. ಎರೆ ಮಣ್ಣು ಚಕ್ರಕ್ಕೆ ಪದರ ಪದರವಾಗಿ ಸುತ್ತಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ, ಚಕ್ರ ತಿರುಗುವುದೇ ನಿಂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಸಲಿಕೆಯಿಂದ ಮಣ್ಣು ಕೆರೆದು, ಪಕ್ಕದ ಹೊಲದ ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆಸುವಷ್ಟರಲ್ಲಿ ಎರಡು ತಾಸು ಹೋಯಿತು. ಅಷ್ಟು ಹೊತ್ತೂ ಅವ್ವ ಬದುವಿನ ಮೇಲೆ ಬಿಸಿಲಲ್ಲಿ ಕೂತಿದ್ದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಮಳೆ ಬಿದ್ದು ಮೂರು ದಿನ ಆಗದೆ ಎರೆ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಗರಸು ಹಾಕಿದ ಕಡೆ ನಿಲ್ಲಿಸಿ. ಅಲ್ಲಿಂದ ಹೊಲಕ್ಕೆ ಹಿರಿಯರನ್ನು ಕರೆದೊಯ್ಯಲು ಎತ್ತಿನ ಬಂಡಿ ಕೇಳಿ, ಹಬ್ಬದ ದಿನ ಯಾರೂ ಇಲ್ಲ ಅನ್ನುವುದಿಲ್ಲ. ಸಲಿಕೆ, ಹತ್ತು ಮೀಟರ್ ದಪ್ಪ ಹಗ್ಗ ಗಾಡಿಯಲ್ಲಿರಲಿ. ಎಳೆಯುವ ಕೊಕ್ಕೆ ಎಲ್ಲಿದೆ ಅಂತ ಹೊರಡುವ ದಿನವೇ ನೋಡಿಟ್ಟುಕೊಳ್ಳಿ.

ವಾಪಸ್ ಬರುವಾಗ

ಹೋಗುವಾಗಲೇ ಹಿಂದಿನ ಎರಡು ಸೀಟಿನ ಕೆಳಗೆ ಜಾಗ ಖಾಲಿ ಬಿಡಿ, ನಾಲ್ಕು ಖಾಲಿ ಚೀಲ ಇಡಿ. ಬರಿಗೈಲಿ ಯಾರೂ ಕಳಿಸುವುದಿಲ್ಲ, ಬೇಡ ಅಂದರೆ ಮನಸ್ಸು ನೋಯುತ್ತದೆ. ಯಾರು ಏನು ಕೊಟ್ಟರು ಅಂತ ಚೀಲದ ಮೇಲೆ ಚೀಟಿ ಅಂಟಿಸಿ, ಮನೆಗೆ ಬಂದ ಮೇಲೆ ಫೋನ್ ಮಾಡಿ ಹೇಳಲು. ಡಬ್ಬಿಗಳನ್ನು ತಿರುಗಿ ಕೊಡುವಾಗ ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಇರಲಿ. ಕಳೆದ ಸಲ ನಮ್ಮ ಗಾಡಿಯಲ್ಲಿ ಬಂದದ್ದು: ಚಿಗವ್ವನ ಕೌದಿ ಒಂದು, ಅಕ್ಕನ ಉಪ್ಪಿನಕಾಯಿ ಭರಣಿ, ಸುರಪುರದಿಂದ ಅರ್ಧ ಚೀಲ ಶೇಂಗಾ, ಮಾಮಾನ ಹೊಲದ ತೊಗರಿಬೇಳೆ 20 ಕೆ.ಜಿ. ಅವ್ವ ಒಂದು ಸಣ್ಣ ಗಂಟನ್ನು ಮಾತ್ರ ಚೀಲಕ್ಕೆ ಹಾಕಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಮನೆಯಲ್ಲಿ ಬಿಚ್ಚಿದರೆ ತವರಿನ ಹೊಲದ ಒಂದು ಬೊಗಸೆ ಮಣ್ಣು. ತುಳಸಿ ಕಟ್ಟೆಗೆ ಹಾಕಿದ್ದೇವೆ.